ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ

ವೀರಪ್ರಸವೆಯೆಂದು ಪ್ರಖ್ಯಾತವಾದ ಕೊಡಗು ನಾಡಿನಲ್ಲಿ, ಅಜ್ಜಮಾಡ ಮನೆತನದ ಬೋಪಯ್ಯನವರ ಸುಪುತ್ರರಾಗಿ 1932ರ ಡಿಸೆಂಬರ್ 24ರಂದು ಜನಿಸಿದ ದೇವಯ್ಯನವರು, 1954ರಲ್ಲಿ ಭಾರತೀಯ ವಾಯುಸೇನೆಯ ಅಧಿಕಾರಿಗಳಾದರು. ಕಾಲಕ್ರಮದಲ್ಲಿ ಅವರು ಏರಿದ ಪದವಿಯೇ ಸ್ಕ್ವಾಡ್ರನ್ ಲೀಡರ್.

ಸ್ಕ್ವಾಡ್ರನ್ ಎಂದರೆ ವಿಮಾನಗಳ ದಳ, ಲೀಡರ್ ಎಂದರೆ ನಾಯಕ. ಆದರೂ ಈ ಪದವಿಯವನೇ ದಳಾಧಿಪತಿಯೆಂದು ಭಾವಿಸಲಾಗದು. ಅಂದಿನ ನಮ್ಮ ಯುದ್ಧವಿಮಾನ ದಳಗಳ ಆಧಿಪತ್ಯವು ಸಾಮಾನ್ಯವಾಗಿ ಇವನಿಗಿಂತ ಒಂದು ಮೆಟ್ಟಿಲು ಮೇಲಿನ ವಿಂಗ್ ಕಮಾಂಡರನದು. ಸ್ಕ್ವಾಡ್ರನ್ ಲೀಡರನು ಫ್ಲೈಟ್ ಲೆಫ್ಟಿನೆಂಟನಿಗೆ ಮೇಲಿನವನು, ಭೂಸೇನೆಯ ಮೇಜರನಿಗೆ ಸಮಾನನು. ದಳದ ಒಂದು ವಿಭಾಗವನ್ನು ನಡೆಸುವುದು, ಕಿರಿಯರನ್ನು ತಿದ್ದುವುದು, ಕರೆ ಬಂದಾಗ ತಾನೂ ಹಾರುವುದು ಅವನ ಕಾಯಕ.

ದೇವಯ್ಯನವರು ಹಾರಾಟದ ಶಿಕ್ಷಕರಾಗಿದ್ದವರು. 1965ರ ಯುದ್ಧವೊದಗಿದಾಗ ಅವರು ಒಂದನೆಯ ಸ್ಕ್ವಾಡ್ರನ್ನಿನಲ್ಲಿದ್ದರು. ಸೆಪ್ಟೆಂಬರ್ 7ರ ಮುಂಜಾನೆ, ಪಂಜಾಬಿನ ಆದಂಪುರದಿಂದ ವಿಂಗ್ ಕಮಾಂಡರ್ ತನೇಜಾ ಅವರ ನೇತೃತ್ವದಲ್ಲಿ 12 ಮಿಸ್ಟೇರ್ ವಿಮಾನಗಳು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿ ಮಾಡಬೇಕಾಗಿತ್ತು. ಆ ಹನ್ನೆರಡರಲ್ಲಿ ದೇವಯ್ಯನವರಿಗೆ ಸ್ಥಾನವಿರಲಿಲ್ಲ. ಯಾರಾದರೂ ಹಿಂದುಳಿದರೆ ಅವರ ಎಡೆಯನ್ನು ತುಂಬಲು ಕಾದಿರಿಸಿದವರಲ್ಲಿ ಅವರೊಬ್ಬರು. ಒಂದು ವಿಮಾನವು ಹಿಂದುಳಿಯಲು, ಅವರು ಕ್ಷಣವೂ ತಡೆಯದೆ ಹೊರಟರು.

ಮರಳುವ ದಾರಿಯಲ್ಲಿ, ಶಬ್ದದ ಇಮ್ಮಡಿ ವೇಗದಲ್ಲಿ ಸಾಗಬಲ್ಲ ಶತ್ರುಪಕ್ಷದ ಸ್ಟಾರ್‌ಫೈಟರ್ ವಿಮಾನವು ಅವರನ್ನು ಅಡ್ಡಗಟ್ಟಿತು. ವೇಗದಲ್ಲಿ ಮಿಸ್ಟೇರ್ ಅದಕ್ಕೆ ಸಾಟಿಯೇ ಅಲ್ಲ. ತಮ್ಮ ವಿಮಾನವು ಪೆಟ್ಟು ತಿಂದರೂ ದೇವಯ್ಯನವರು ತಿರುಗಿ ನಿಂತು ಕಾದಿ ಅದನ್ನು ಕೆಡಹಿದರು. ವೈರಿಯ ಚಾಲಕನು ಧುಮುಕುಕೊಡೆಯಿಂದ ಇಳಿದು ಬದುಕಿದನು, ದೇವಯ್ಯನವರು ಮರಳಲಿಲ್ಲ.

ಈ ಕಾಳಗವನ್ನು ಸಂಗಡಿಗರು ಯಾರೂ ಕಂಡಿರಲಿಲ್ಲ. ಕಾಣೆಯಾದವರ ಪಟ್ಟಿಯಲ್ಲಿ ಅವರ ಹೆಸರು ಸೇರಿತು. 1979ರಲ್ಲಿ ಆಂಗ್ಲ ಲೇಖಕ ಜಾನ್ ಫ್ರಿಕರ್ ಅವರು ಪಾಕಿಸ್ತಾನದ ವಾಯುಯುದ್ಧವನ್ನು ಕುರಿತು ಬರೆದ ಗ್ರಂಥದಿಂದ, ಸ್ಟಾರ್‌ಫೈಟರನ್ನು ಮಿಸ್ಟೇರ್ ಒಂದು ಕೆಡಹಿದ ಸಂಗತಿ ಬೆಳಕಿಗೆ ಬಂದಿತು. ಕಾಲ ದೇಶಗಳನ್ನು ತಾಳೆ ನೋಡಿ, ಆ ವೀರರು ದೇವಯ್ಯನವರೇ ಎಂದು ನಿಶ್ಚಯಿಸಲಾಯಿತು. 1988ರಲ್ಲಿ, ಎಂದರೆ 23 ವರ್ಷಗಳ ತರುವಾಯ, ಮರಣೋತ್ತರವಾಗಿ ಸಂದ ಮಹಾವೀರ ಚಕ್ರವನ್ನು ಅವರ ಧರ್ಮಪತ್ನಿಯವರು ಸ್ವೀಕರಿಸಿದರು. ಅವರ ಪರಾಕ್ರಮಕ್ಕೆ ಮೊದಲ ಸಾಕ್ಷ್ಯವು ಶತ್ರುಪಕ್ಷದಿಂದಲೇ ಬಂದುದು ವಿಶೇಷ.

ಪದವಿಯ ಹೆಸರಿನಲ್ಲಿ ನಾಯಕತ್ವವಿದ್ದರೂ ಅಂದು ಅವರಿಗೆ ದೊರೆತದ್ದು ಕಾಯುವ ಸ್ಥಾನ. ಅದನ್ನು ಕೊರತೆಯೆಂದು ಬಗೆಯದೆ ಅವರು ಸನ್ನದ್ಧರಾಗಿ ನಿಂತರು. ತರಗತಿಯಲ್ಲಿಯೂ ದಾಸೋಹದಲ್ಲಿಯೂ ಹೆಸರನ್ನು ಬಯಸದೆ ಸೇವೆಗೈಯುವ ನಮ್ಮ ಗುರುಬಳಗಕ್ಕೂ ದಾನಿಗಳಿಗೂ ಈ ಜೀವನವು ದೂರದ್ದೆನಿಸಲಾರದು.