ಹೆಂಡದ ಹಣ ಬೇಡವೆಂದ ಅರ್ಥಮಂತ್ರಿ ಅಣ್ಣಾಸಾಹೇಬ ಲಠ್ಠೆ

ಹೆಂಡ ಸಾರಾಯಿಗಳ ಸುಂಕ ಸರಕಾರದ ಬೊಕ್ಕಸಕ್ಕೆ ಸುಲಭದ ಆದಾಯ. ಅದನ್ನು ಬಿಟ್ಟುಕೊಟ್ಟು ಆಡಳಿತ ನಡೆಸಲು ಹೊರಟವರಲ್ಲಿ ಮುಂಬಯಿ ಪ್ರಾಂತದ ಅರ್ಥಮಂತ್ರಿಗಳಾಗಿದ್ದ ದಿವಾನ್ ಬಹದ್ದೂರ್ ಅಣ್ಣಾ ಬಾಬಾಜಿ ಲಠ್ಠೆಯವರೂ ಒಬ್ಬರು.

ಲಠ್ಠೆಯವರು 1878ರಲ್ಲಿ ಕುರುಂದವಾಡದ ಜೈನ ಮನೆತನದಲ್ಲಿ ಜನಿಸಿದರು. ಇಚಲಕರಂಜಿಗೆ ಸಮೀಪದ ಈ ಸೀಮೆಯಲ್ಲಿ ಕನ್ನಡ, ಮರಾಠಿ ಎರಡೂ ಬಳಕೆಯ ಮಾತುಗಳು. 1899ರಲ್ಲಿ ಹುಟ್ಟಿದ ದಕ್ಷಿಣ ಮಹಾರಾಷ್ಟ್ರ ಜೈನ ಸಭೆಯ ಕಟ್ಟಾಳುಗಳಲ್ಲಿ ಅವರೂ ಒಬ್ಬರು. 1905ರಲ್ಲಿ ಜೈನಧರ್ಮವನ್ನು ಪರಿಚಯಿಸುವ ಇಂಗ್ಲಿಷ್ ಗ್ರಂಥವೊಂದನ್ನು ಬರೆದರು. ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಅಧ್ಯಾಪಕರಾಗಿ, ಬಳಿಕ ಸಂಸ್ಥಾನದ ವಿದ್ಯಾ ಇಲಾಖೆಯ ಅಧಿಕಾರಿಯಾಗಿ ದುಡಿದರು.

ಅಲ್ಲಿನ ಜೈನ ವಿದ್ಯಾರ್ಥಿನಿಲಯವೂ ಅವರ ಮೇಲ್ವಿಚಾರಣೆಯಲ್ಲಿತ್ತು. ಅಸ್ಪೃಶ್ಯ ಮಕ್ಕಳ ವಸತಿಗೃಹದ ಸಮಾರಂಭಕ್ಕೆ ಹೋಗಿಬಂದು ಸ್ನಾನ ಮಾಡಲೊಪ್ಪದ ಭಾವುರಾವ ಪಾಟೀಲನೆಂಬ ಹುಡುಗನನ್ನು ಅವರು ನಿಲಯದಿಂದ ಹೊರಹಾಕಿದರು. 1914ರಲ್ಲಿ ಬ್ರಿಟಿಷ್ ರಾಜಮನೆತನದ ಪ್ರತಿಮೆಗಳಿಗೆ ಯಾರೋ ಡಾಂಬರು ಬಳಿದಾಗ ಸಂಶಯ ಲಠ್ಠೆಯವರ ಮೇಲೆ ಬಿತ್ತು. ಅವರ ವಿರುದ್ಧ ಸುಳ್ಳುಸಾಕ್ಷಿ ನುಡಿಯುವಂತೆ ಪೊಲೀಸರು ಪೀಡಿಸಿದ್ದು ಅದೇ ಭಾವುರಾವರನ್ನು. ಹಳೆಯ ನೋವನ್ನು ತೀರಿಸಿಕೊಳ್ಳುವ ಸಂದರ್ಭವದು. ಆದರೂ ಅವರು ಚಿತ್ರಹಿಂಸೆ ಸಹಿಸಿದರೇ ಹೊರತು ಸುಳ್ಳಾಡಲಿಲ್ಲ. ಮುಂದೆ ರಯತ ಶಿಕ್ಷಣ ಸಂಸ್ಥೆ ಕಟ್ಟಿದ ಕರ್ಮವೀರರು ಇವರೇ.

ಲಠ್ಠೆಯವರು ಕೊಲ್ಹಾಪುರ ಬಿಟ್ಟು ಬೆಳಗಾವಿಗೆ ಬಂದರು. ಆದರೆ ಮನಸ್ಸಿನಲ್ಲಿ ಕಹಿ ಉಳಿಸಿಕೊಳ್ಳಲಿಲ್ಲ. ಶಾಹೂ ಮಹಾರಾಜರು ತೀರಿಕೊಂಡ ಎರಡು ವರ್ಷಗಳಲ್ಲಿ, 1924ರಲ್ಲಿ, ಅವರ ಚರಿತ್ರೆಯನ್ನು ಬರೆದವರು ಲಠ್ಠೆಯವರೇ. ಅದೇ ದಶಕದಲ್ಲಿ ಕೊಲ್ಹಾಪುರದ ದಿವಾನರಾಗಿ ಮರಳಿದರು. ಕನ್ನಡ ಮಾತಿನ ಗಡಹಿಂಗ್ಲಜ ಸೀಮೆಯೂ ಆ ಸಂಸ್ಥಾನಕ್ಕೆ ಸೇರಿತ್ತು.

1937ರಲ್ಲಿ ಬಿ. ಜಿ. ಖೇರರ ಕಾಂಗ್ರೆಸ್ ಮಂತ್ರಿಮಂಡಲದಲ್ಲಿ ಹಣಕಾಸು ಅವರ ಪಾಲಿಗೆ ಬಂತು. 1939ರ ಆಗಸ್ಟ್ 1ರಂದು ಮುಂಬಯಿ ನಗರದಲ್ಲಿ ಪಾನನಿರೋಧ ಜಾರಿಯಾಯಿತು. ಕೈಬಿಟ್ಟ ಸುಂಕಕ್ಕೆ ಪ್ರತಿಯಾಗಿ ನಗರದ ಸ್ಥಿರಾಸ್ತಿಗಳ ಮೇಲೆ ತೆರಿಗೆ ಬಂತು. ಮನೆಮಾಲಕರು ಸಿಟ್ಟಾದರು, ಮುಸ್ಲಿಮರಿಂದಲೂ ಪಾರ್ಸಿಗಳಿಂದಲೂ ಪ್ರತಿಭಟನೆ ಎದ್ದಿತು. ಅಂದು ನಮ್ಮ ಕಾಸರಗೋಡು ಸೇರಿದ್ದ ಮದರಾಸಿನಲ್ಲಿ ಇದೇ ಇಕ್ಕಟ್ಟಿಗೆ ರಾಜಾಜಿಯವರು ಮಾರಾಟ ತೆರಿಗೆಯ ದಾರಿ ಹಿಡಿದರು. ಕುಡುಕನ ಮನೆಯ ಕಾಸು ಬೇಡವೆಂದರೆ ಮತ್ತೊಬ್ಬರ ಗಂಟಿಗೆ ಕೈಹಾಕಲೇಬೇಕೆಂಬುದನ್ನು ಎರಡೂ ಸರಕಾರಗಳು ಬಚ್ಚಿಡಲಿಲ್ಲ.

ಸೆಪ್ಟೆಂಬರ್ 1ರಂದು ಮಹಾಯುದ್ಧ ಆರಂಭವಾಯಿತು. ಜನಪ್ರತಿನಿಧಿಗಳನ್ನು ಕೇಳದೆಯೇ ವೈಸರಾಯರು ಭಾರತವನ್ನೂ ಅದರೊಳಗೆ ಎಳೆದರು. ನವೆಂಬರಿನಲ್ಲಿ ಖೇರ್ ಸರಕಾರ ರಾಜೀನಾಮೆಯಿತ್ತಿತು. ಮೂರೇ ತಿಂಗಳ ಪ್ರಯೋಗ ನಡುವಿನಲ್ಲೇ ಕೈತಪ್ಪಿ, ಪಾನನಿರೋಧ ಸಡಿಲಾಯಿತು.

1950ರಲ್ಲಿ ಲಠ್ಠೆಯವರು ನಿಧನರಾದರು. ಸಾಂಗಲಿಯ ವಿದ್ಯಾಸಂಸ್ಥೆ ಅವರ ಹೆಸರನ್ನು ಹೊತ್ತಿದೆ. ಭಾಷೆಯ ಗಡಿಯಲ್ಲಿ ಹುಟ್ಟಿ, ಕಳಂಕ ಹೊತ್ತು ಊರು ಬಿಟ್ಟು, ಅದೇ ಊರಿಗೆ ದಿವಾನರಾಗಿ ಬಂದ ಇವರ ಬಾಳು ಗಡಿನಾಡಿನ ನಾವು ನೆನೆಯತಕ್ಕದ್ದು.