ಮೃದಂಗದ ಕಪ್ಪು ಬೊಟ್ಟು ಮತ್ತು ಸಿ.ವಿ. ರಾಮನ್

ಮಕ್ಕಳೇ, ಫೆಬ್ರವರಿ 28 ಬಂತೆಂದರೆ ನಿಮ್ಮ ಶಾಲೆಯಲ್ಲಿ ರಾಷ್ಟ್ರೀಯ ವಿಜ್ಞಾನ ದಿನ ಆಚರಿಸುತ್ತೀರಿ ಅಲ್ಲವೇ? ಸರ್ ಸಿ.ವಿ. ರಾಮನ್ ಎಂದೊಡನೆ ಬೆಳಕಿನ ಸಂಶೋಧನೆ, ನೊಬೆಲ್ ಬಹುಮಾನ ನಿಮಗೆ ನೆನಪಾಗುತ್ತವೆ. ಆದರೆ ಬೆಳಕಿಗಿಂತ ಮೊದಲು ಅವರ ಮನಸ್ಸನ್ನು ಸೆಳೆದದ್ದು ಶಬ್ದ. ಆ ಕಥೆ ನನಗಂತೂ ನೊಬೆಲ್ ಕಥೆಯಷ್ಟೇ ಇಷ್ಟ.

ರಾಮನ್ ಹುಟ್ಟಿದ್ದು 1888ರ ನವೆಂಬರ್ 7ರಂದು, ತಮಿಳುನಾಡಿನ ತಿರುಚಿರಾಪಳ್ಳಿಯಲ್ಲಿ. ತಂದೆ ಗಣಿತ ಮತ್ತು ಭೌತವಿಜ್ಞಾನದ ಅಧ್ಯಾಪಕರು; ಪಿಟೀಲು ನುಡಿಸುತ್ತಿದ್ದರು. ಮುಂದೆ ಮಡದಿಯಾಗಿ ಬಂದ ಲೋಕಸುಂದರಿ ವೀಣೆ ಬಲ್ಲವರು. ಹೀಗೆ ಮನೆಯಲ್ಲಿ ತಂತಿಯ ನಾದಕ್ಕೆ ಕೊರತೆಯಿರಲಿಲ್ಲ.

ಆ ಕಾಲದಲ್ಲಿ ನಮ್ಮ ದೇಶದಲ್ಲಿ ವಿಜ್ಞಾನವನ್ನೇ ನಂಬಿ ಬದುಕುವುದು ಕಷ್ಟವಿತ್ತು. 1907ರಲ್ಲಿ, ಇನ್ನೂ ಹದಿನೆಂಟರ ಹರೆಯದ ರಾಮನ್ ಕಲ್ಕತ್ತದಲ್ಲಿ ಸರ್ಕಾರದ ಹಣಕಾಸು ಇಲಾಖೆಯ ಅಧಿಕಾರಿಯಾದರು. ಅಲ್ಲಿನ ಬೌಬಜಾರ್ ಬೀದಿಯಲ್ಲಿ ಮಹೇಂದ್ರಲಾಲ್ ಸರ್ಕಾರ್ 1876ರಲ್ಲಿ ಸ್ಥಾಪಿಸಿದ್ದ ಒಂದು ವಿಜ್ಞಾನ ಸಂಘವಿತ್ತು. ರಾಮನ್ ನಸುಕಿನಲ್ಲೇ ಎದ್ದು ಅಲ್ಲಿಗೆ ಹೋಗುವರು. ಮನೆಗೆ ಬಂದು ಸ್ನಾನ, ಊಟ ಮುಗಿಸಿ ಕಚೇರಿಗೆ ಓಡುವರು. ಸಂಜೆ ಕಚೇರಿಯಿಂದ ನೇರವಾಗಿ ಮತ್ತೆ ಪ್ರಯೋಗಾಲಯ. ಮನೆ ಸೇರುವಾಗ ರಾತ್ರಿ ಒಂಬತ್ತು ದಾಟುತ್ತಿತ್ತು. ಕಲ್ಕತ್ತದಲ್ಲಿದ್ದಾಗ ವರ್ಷಗಟ್ಟಲೆ ಇದೇ ದಿನಚರಿ! ಅಲ್ಲಿ ಅವರಿಗೆ ನೆರವಾದವರು ಆಶುತೋಷ್ ಡೇ. ಇವರು ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ಆದರೂ ಪ್ರಯೋಗದಲ್ಲಿ ಎತ್ತಿದ ಕೈ.

1917ರಲ್ಲಿ ಕಲ್ಕತ್ತ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಹುದ್ದೆಗಾಗಿ ರಾಮನ್ ದೊಡ್ಡ ಸರ್ಕಾರಿ ನೌಕರಿಯನ್ನೇ ಬಿಟ್ಟರು. ಹೊಸ ಕೆಲಸದಲ್ಲಿ ಸಂಬಳ ಕಡಿಮೆ. ಆದರೆ ಇಡೀ ದಿನ ವಿಜ್ಞಾನಕ್ಕೇ ದೊರೆಯಿತು.

ಈಗ ಮೃದಂಗದ ವಿಷಯಕ್ಕೆ ಬರೋಣ. ವೀಣೆಯ ತಂತಿಯನ್ನು ಮೀಟಿದರೆ ಅದು ಕಂಪಿಸುತ್ತದೆ. ಒಂದು ಸೆಕೆಂಡಿನಲ್ಲಿ ಎಷ್ಟು ಸಲ ಕಂಪಿಸುತ್ತದೆಯೋ ಅದೇ ಅದರ ಆವೃತ್ತಿ. ತಂತಿಯ ಮುಖ್ಯ ಆವೃತ್ತಿ 100 ಎಂದುಕೊಳ್ಳಿ. ಜೊತೆಯಲ್ಲೇ 200, 300, 400 ಆವೃತ್ತಿಯ ಸಣ್ಣ ಕಂಪನಗಳೂ ಏಳುತ್ತವೆ. ಇವೆಲ್ಲ 100ರ ಪೂರ್ಣ ಗುಣಕಗಳಾದ್ದರಿಂದ ಒಂದಕ್ಕೊಂದು ಹೊಂದಿಕೊಂಡು ಇಂಪಾಗಿ ಕೇಳಿಸುತ್ತವೆ. ಎಲ್ಲೆಡೆ ಒಂದೇ ದಪ್ಪವಿರುವ ದುಂಡನೆಯ ಚರ್ಮ ಹಾಗಲ್ಲ. ಅದರ ಮುಖ್ಯ ಆವೃತ್ತಿ 100 ಆದರೆ ಉಳಿದವು ಸುಮಾರು 159, 214, 230 ಹೀಗೆ ಅಡ್ಡಾದಿಡ್ಡಿಯಾಗಿ ಬರುತ್ತವೆ. ಆದ್ದರಿಂದಲೇ ಚರ್ಮವಾದ್ಯ ತಾಳಕ್ಕೆ ಸರಿ, ಸ್ವರಕ್ಕಲ್ಲ ಎಂಬ ಅಭಿಪ್ರಾಯ ಭೌತವಿಜ್ಞಾನಿಗಳಲ್ಲಿ ಬೇರೂರಿತ್ತು.

ಹಾಗಾದರೆ ನಮ್ಮ ಮೃದಂಗವನ್ನು ಶ್ರುತಿಗೆ ಕೂಡಿಸುವುದು ಹೇಗೆ ಸಾಧ್ಯ? ರಾಮನ್‌ರನ್ನು ಕಾಡಿದ ಪ್ರಶ್ನೆ ಇದು. ಮುಚ್ಚಿಗೆಯ ಮೇಲೆ ನುಣ್ಣನೆಯ ಮರಳು ಉದುರಿಸಿ, ಬೆರಳಿನಿಂದ ಅಲ್ಲಲ್ಲಿ ಮುಟ್ಟಿ ಬಡಿದರು. ಚರ್ಮ ಅಲುಗುವ ಕಡೆಯಿಂದ ಮರಳು ಜಿಗಿದು, ಅಲುಗದ ಗೆರೆಗಳ ಮೇಲೆ ಸಾಲಾಗಿ ಕೂತಿತು. ಕಣ್ಣಿಗೆ ಕಾಣದ ಕಂಪನಕ್ಕೆ ಚಿತ್ರ ಬಂತು! ಮೃದಂಗದ ಕಂಪನಗಳು ಹೆಚ್ಚು ಕಡಿಮೆ 1, 2, 3, 4, 5ರ ಅನುಪಾತದಲ್ಲಿ, ತಂತಿಯಂತೆಯೇ ಇವೆಯೆಂದು ಅವರು ಕಂಡರು. ಕಾರಣ, ಬಲಮುಖದ ನಡುವೆ ಪದರ ಪದರವಾಗಿ ಮೆತ್ತಿದ ಕರಣೆ, ಅಂದರೆ ಆ ಕಪ್ಪು ಬೊಟ್ಟು. ಅದರ ಭಾರದಿಂದ, ನಡುಭಾಗ ಹೆಚ್ಚು ಅಲುಗುವ ಕಂಪನ ಹೆಚ್ಚು ನಿಧಾನವಾಗುತ್ತದೆ, ಉಳಿದವು ಅಷ್ಟು ನಿಧಾನವಾಗುವುದಿಲ್ಲ. ಹೀಗೆ ಅನುಪಾತಗಳು ಸರಿಹೋಗುತ್ತವೆ. ಸೂತ್ರ ಸಮೀಕರಣ ಅರಿಯದ ನಮ್ಮ ಹಳೆಯ ಕುಶಲಕರ್ಮಿಗಳು ಇದನ್ನು ಕಿವಿಯಿಂದಲೇ ಸಾಧಿಸಿದ್ದರು ನೋಡಿ! ಶಿವಕಾಳಿ ಕುಮಾರ್ ಅವರೊಡನೆ ರಾಮನ್ ಇದನ್ನು 1920ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು.

ಪಿಟೀಲನ್ನೂ ಅವರು ಬಿಡಲಿಲ್ಲ. ಕೈಯ ಒತ್ತಡ ಒಂದೇ ಸಮ ಇರದು ಎಂದು ಯಂತ್ರವನ್ನೇ ಕಟ್ಟಿದರು. ಅದರಲ್ಲಿ ಕಮಾನು ನಿಂತಲ್ಲೇ ನಿಲ್ಲುತ್ತಿತ್ತು, ಪಿಟೀಲೇ ಹಿಂದೆ ಮುಂದೆ ಓಡಾಡುತ್ತಿತ್ತು! 1921ರಲ್ಲಿ ಲಂಡನ್ನಿಗೆ ಹೋದಾಗ ಸೇಂಟ್ ಪಾಲ್ ಚರ್ಚಿನ ಗುಮ್ಮಟದಲ್ಲಿ ಪಿಸುಮಾತು ಗೋಡೆಗುಂಟ ಸಾಗುವುದನ್ನು ಪರೀಕ್ಷಿಸಿದರು. ವಿಜಯಪುರದ ಗೋಳಗುಮ್ಮಟಕ್ಕೆ ಹೋದವರಿಗೆ ಇದರ ಅನುಭವ ಇದ್ದೇ ಇರುತ್ತದೆ. ಹಿಂದಿರುಗುವ ಹಡಗಿನಲ್ಲಿ ಕಡಲಿನ ನೀಲಿ ಅವರನ್ನು ಬೆಳಕಿನತ್ತ ಎಳೆಯಿತು. 1928ರ ಶೋಧ, 1930ರ ನೊಬೆಲ್ ನಿಮಗೆ ಗೊತ್ತೇ ಇದೆ.

1933ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬೆಂಗಳೂರಿಗೆ ಬಂದ ಮೇಲೂ ಮೃದಂಗವನ್ನು ಮರೆಯಲಿಲ್ಲ. ಮರುವರ್ಷವೇ ಭಾರತೀಯ ಚರ್ಮವಾದ್ಯಗಳ ಬಗ್ಗೆ ವಿವರವಾದ ಪ್ರಬಂಧ ಬರೆದರು. 1970ರ ನವೆಂಬರ್ 21ರಂದು ಬೆಂಗಳೂರಿನಲ್ಲೇ ತೀರಿಕೊಂಡರು.

ನೀವೂ ಒಂದು ಪ್ರಯೋಗ ಮಾಡಿ. ಖಾಲಿ ಡಬ್ಬಿಯ ಬಾಯಿಗೆ ಬಲೂನಿನ ರಬ್ಬರನ್ನು ಬಿಗಿಯಾಗಿ ಕಟ್ಟಿ, ಬೆರಳಿನಿಂದ ತಟ್ಟಿ ಕೇಳಿ. ಈಗ ನಡುವೆ ಕಡಲೆ ಗಾತ್ರದ ಚಪಾತಿ ಹಿಟ್ಟು ಅಂಟಿಸಿ ಮತ್ತೆ ತಟ್ಟಿ. ಸದ್ದು ಏರಿತೋ, ಇಳಿಯಿತೋ? ಹಿಟ್ಟನ್ನು ಅಂಚಿಗೆ ಸರಿಸಿದರೆ ಏನಾಗುತ್ತದೆ? ನಿಮ್ಮ ವಿಜ್ಞಾನ ಪುಸ್ತಕದಲ್ಲಿ ಬರೆದಿಡಿ.