ಕುದುರೆ ಕೂದಲಿನಷ್ಟೂ ತಪ್ಪಬಾರದು: ಜಮ್‌ಶೀದ್ ಅಲ್-ಕಾಶಿ

ಫ್ರಾನ್ಸಿನ ಶಾಲೆಗಳಲ್ಲಿ ತ್ರಿಕೋನದ ಕೊಸೈನ್ ನಿಯಮಕ್ಕೆ ಅಲ್-ಕಾಶಿ ಪ್ರಮೇಯ ಎಂದು ಹೆಸರು. ನಮ್ಮ ಪಠ್ಯಪುಸ್ತಕದಲ್ಲಿ ಸೂತ್ರ ಇದೆ, ಆ ಹೆಸರಿಲ್ಲ. ಪರೀಕ್ಷೆಗೆ ಸೂತ್ರ ಸಾಕು, ನಿಜ. ಆದರೆ ಕಂಪ್ಯೂಟರ್ ಸೈನ್ಸ್ ತೆಗೆದುಕೊಂಡು ಫ್ಲೋಟ್, ಡಬಲ್ ಎಂದು ತಲೆ ಕೆಡಿಸಿಕೊಂಡಿರುವ ಸ್ನೇಹಿತರಿಗೆ ಈ ಮನುಷ್ಯರ ಪರಿಚಯ ಆಗಲೇಬೇಕು.

ಗಿಯಾಸುದ್ದೀನ್ ಜಮ್‌ಶೀದ್ ಅಲ್-ಕಾಶಿಯವರು ಹುಟ್ಟಿದ್ದು ಸುಮಾರು 1380ರಲ್ಲಿ, ಇಂದಿನ ಇರಾನಿನ ಕಾಶಾನ್ ಊರಿನಲ್ಲಿ. ಅದು ತೈಮೂರನ ದಂಡಯಾತ್ರೆಗಳ ಕಾಲ. ಯೌವನವೆಲ್ಲ ಬಡತನದಲ್ಲೇ ಕಳೆಯಿತು. ಆದರೂ 1406ರಲ್ಲಿ ಅವರು ಕಾಶಾನ್‌ನಲ್ಲಿ ಚಂದ್ರಗ್ರಹಣವನ್ನು ವೀಕ್ಷಿಸಿ ದಾಖಲಿಸಿದ್ದಾರೆ. ಮರುವರ್ಷ ಆಕಾಶಕಾಯಗಳ ದೂರ ಮತ್ತು ಗಾತ್ರದ ಬಗ್ಗೆ ಒಂದು ಪುಸ್ತಕ ಮುಗಿಸಿದರು. 1416ರಲ್ಲಿ ಗ್ರಹಗಳ ಸ್ಥಾನವನ್ನು ಲೆಕ್ಕವಿಲ್ಲದೆ ನೇರವಾಗಿ ತೋರಿಸುವ ಒಂದು ಉಪಕರಣವನ್ನು ವಿವರಿಸಿ ಬರೆದರು. ಅದನ್ನು ಆ ಕಾಲದ ಕಂಪ್ಯೂಟರ್ ಎಂದರೆ ಉತ್ಪ್ರೇಕ್ಷೆಯಾಗದು.

ತೈಮೂರನ ಮೊಮ್ಮಗ ಉಲುಗ್ ಬೇಗ್‌ಗೆ ರಾಜ್ಯಕ್ಕಿಂತ ನಕ್ಷತ್ರಗಳ ಮೇಲೆ ಹೆಚ್ಚು ಪ್ರೀತಿ. ಸಮರ್ಕಂದದಲ್ಲಿ ಮದ್ರಸ ಕಟ್ಟಿಸಿ ದೇಶದ ವಿದ್ವಾಂಸರನ್ನೆಲ್ಲ ಕರೆಸಿದ. 1420ರ ಸುಮಾರಿಗೆ ಅಲ್-ಕಾಶಿಯವರೂ ಅಲ್ಲಿಗೆ ಹೋದರು. ಅಲ್ಲಿಂದ ಕಾಶಾನ್‌ನಲ್ಲಿದ್ದ ತಂದೆಗೆ ಬರೆದ ಕಾಗದ ಇಂದಿಗೂ ಉಳಿದಿದೆ. ಹಾಸ್ಟೆಲಿನಿಂದ ಮಗ ಮನೆಗೆ ಬರೆದಂತೆ ಇದೆ ಅದು: ಸುಲ್ತಾನನಿಗೆ ಕುರ್‌ಆನಿನ ಬಹುಭಾಗ ಕಂಠಪಾಠ ಎಂಬುದು, ಕುದುರೆ ಮೇಲೆ ಕುಳಿತೇ ಸೂರ್ಯನ ಸ್ಥಾನವನ್ನು ಮನಸ್ಸಿನಲ್ಲಿ ಲೆಕ್ಕ ಹಾಕುತ್ತಾನೆ ಎಂಬುದು, ಅಷ್ಟೊಂದು ಪಂಡಿತರಿದ್ದರೂ ಬಿಡಿಸಲಾಗದ ಸಮಸ್ಯೆಗಳನ್ನು ತಾನು ಬಿಡಿಸಿದ್ದು. ಸ್ವಲ್ಪ ಜಂಬವೂ ಇದೆ. ಅಬ್ಬಾಜಾನ್‌ಗೆ ಬರೆಯುವಾಗ ಯಾರಿಗೆ ಇರುವುದಿಲ್ಲ?

1424ರಲ್ಲಿ ಅವರು ವೃತ್ತದ ಪರಿಧಿಯ ಬಗ್ಗೆ ಬರೆದರು. ಪೈ ಬೆಲೆಯನ್ನು ಅವರಿಗಿಂತ ಮೊದಲೂ ಎಷ್ಟೋ ಜನ ಕಂಡುಹಿಡಿದಿದ್ದರು. ಲೀಲಾವತಿ ಬರೆದ ನಮ್ಮ ಭಾಸ್ಕರಾಚಾರ್ಯರು 3927ನ್ನು 1250ರಿಂದ ಭಾಗಿಸಲು ಹೇಳಿದ್ದರು, ಅಂದರೆ 3.1416. ಕೇರಳದ ಮಾಧವರು 11 ದಶಮಾಂಶ ಸ್ಥಾನದವರೆಗೆ ಹೋಗಿದ್ದರು. ಅಲ್-ಕಾಶಿಯವರ ವಿಶೇಷ ಬೇರೆಯೇ. ಲೆಕ್ಕ ಶುರು ಮಾಡುವ ಮೊದಲೇ ಅವರು ಎಷ್ಟು ತಪ್ಪನ್ನು ಸಹಿಸಬಹುದು ಎಂದು ನಿರ್ಧರಿಸಿದರು. ಭೂಮಿಯ ವ್ಯಾಸದ ಆರು ಲಕ್ಷ ಪಟ್ಟು ವ್ಯಾಸವಿರುವ ಒಂದು ವೃತ್ತವನ್ನು ಊಹಿಸಿಕೊಳ್ಳಿ. ಅದರ ಪರಿಧಿಯಲ್ಲಿ ಬರುವ ತಪ್ಪು ಒಂದು ಕುದುರೆ ಕೂದಲಿನ ದಪ್ಪವನ್ನೂ ಮೀರಬಾರದು. ಇದು ಅವರು ಹಾಕಿಕೊಂಡ ಷರತ್ತು. ಅದಕ್ಕೆ ಎಷ್ಟು ಬಾಹುಗಳ ಬಹುಭುಜಾಕೃತಿ ಬೇಕು, ಪ್ರತಿ ಹಂತದಲ್ಲಿ ಎಷ್ಟು ಅಂಕಿ ಇಟ್ಟುಕೊಳ್ಳಬೇಕು ಎಂದು ಹಿಂದಕ್ಕೆ ಲೆಕ್ಕ ಹಾಕಿದರು. ಬಂದ ಉತ್ತರ 80,53,06,368 ಬಾಹುಗಳು! ಮೂರನ್ನು 28 ಸಲ ಇಮ್ಮಡಿ ಮಾಡಿದರೆ ಬರುವ ಸಂಖ್ಯೆ ಇದು. ವರ್ಗಮೂಲದ ಮೇಲೆ ವರ್ಗಮೂಲ ತೆಗೆಯುತ್ತ, ಪ್ರತಿಯೊಂದನ್ನೂ ತಾಳೆ ನೋಡುತ್ತ, ಕೈಯಲ್ಲೇ ಲೆಕ್ಕ ಮಾಡಿದರು. ಪೈನ ಎರಡರಷ್ಟು 6.2831853071795865 ಎಂದು ಬಂತು. ಹದಿನಾರು ಸ್ಥಾನ. ಸುಮಾರು 170 ವರ್ಷ ಯಾರೂ ಇದನ್ನು ಮೀರಲಿಲ್ಲ.

ಈಗ ನಮ್ಮ ಲ್ಯಾಬ್‌ಗೆ ಬನ್ನಿ. ಸಿ, ಸಿ++, ರಸ್ಟ್ ಯಾವುದರಲ್ಲೇ ಆಗಲಿ, 64 ಬಿಟ್‌ನ ಡಬಲ್‌ನಲ್ಲಿ ಪೈನ ಎರಡರಷ್ಟನ್ನು ಇಟ್ಟು 20 ದಶಮಾಂಶ ಸ್ಥಾನ ಪ್ರಿಂಟ್ ಮಾಡಿಸಿ. 6.28318530717958623200 ಎಂದು ಬರುತ್ತದೆ. ನಿಜವಾದ ಬೆಲೆ 6.28318530717958647693. ಕಳೆದು ನೋಡಿದರೆ, 600 ವರ್ಷ ಹಿಂದೆ ಕಾಗದದ ಮೇಲೆ ಮಾಡಿದ ಲೆಕ್ಕ ನಮ್ಮ ಡಬಲ್‌ಗಿಂತ ಸುಮಾರು ಹತ್ತು ಪಟ್ಟು ಸತ್ಯಕ್ಕೆ ಹತ್ತಿರ. ಯಂತ್ರದ ದೋಷ ಅಲ್ಲ ಇದು. 64 ಬಿಟ್‌ನಲ್ಲಿ ಹಿಡಿಯುವುದೇ ಅಷ್ಟು. 32 ಬಿಟ್‌ನ ಫ್ಲೋಟ್‌ನಲ್ಲಿ ಇನ್ನೂ ಕಡಿಮೆ, ಏಳು ಅಂಕಿಯಷ್ಟು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತೋಟಗಳ ತೆಂಗಿನಕಾಯಿಗಳನ್ನು ಒಂದೊಂದಾಗಿ ಫ್ಲೋಟ್‌ನಲ್ಲಿ ಎಣಿಸುತ್ತ ಹೋದರೆ 1,67,77,216ಕ್ಕೆ ಎಣಿಕೆ ನಿಂತುಬಿಡುತ್ತದೆ. ಆಮೇಲೆ ಎಷ್ಟು ಸಲ ಒಂದು ಕೂಡಿಸಿದರೂ ಅದೇ ಸಂಖ್ಯೆ.

0.1 ಎಂಬ ಸಣ್ಣ ಸಂಖ್ಯೆಯೂ ಬೈನರಿಯಲ್ಲಿ ಪೂರ್ತಿ ಬರುವುದಿಲ್ಲ, ಒಂದು ರೂಪಾಯಿಯನ್ನು ಮೂವರಿಗೆ ಹಂಚಿದಂತೆ ಎಳೆಯುತ್ತಲೇ ಇರುತ್ತದೆ. 1991ರ ಫೆಬ್ರವರಿ 25ರಂದು ಸೌದಿ ಅರೇಬಿಯಾದ ದಹ್ರಾನ್‌ನಲ್ಲಿ ಅಮೆರಿಕದ ಪೇಟ್ರಿಯಟ್ ಕ್ಷಿಪಣಿ ವ್ಯವಸ್ಥೆ ಕೈಕೊಟ್ಟದ್ದು ಇದರಿಂದಲೇ. ಅದು ಸಮಯವನ್ನು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಎಣಿಸುತ್ತಿತ್ತು, 0.1 ಅನ್ನು 24 ಬಿಟ್‌ಗೆ ಕತ್ತರಿಸಿ ಇಟ್ಟಿದ್ದರು. 100 ಗಂಟೆ ಓಡಿದ ಮೇಲೆ ಸೆಕೆಂಡಿನ ಮೂರನೇ ಒಂದು ಭಾಗದಷ್ಟು ತಪ್ಪು. ಎದುರಿನಿಂದ ಬಂದ ಕ್ಷಿಪಣಿಯನ್ನು ತಡೆಯಲಾಗದೆ 28 ಸೈನಿಕರು ಸತ್ತರು. ಎಷ್ಟು ಹೊತ್ತು ಓಡಿದರೆ ಎಷ್ಟು ತಪ್ಪು ಸೇರುತ್ತದೆ ಎಂಬುದು, ಅಲ್-ಕಾಶಿಯವರು ಲೆಕ್ಕಕ್ಕೆ ಮೊದಲೇ ಕೇಳಿಕೊಂಡ ಪ್ರಶ್ನೆ.

ಅವರ ದೊಡ್ಡ ಪುಸ್ತಕ ಮಿಫ್ತಾಹುಲ್ ಹಿಸಾಬ್, ಲೆಕ್ಕದ ಬೀಗದಕೈ, ಮುಗಿದದ್ದು 1427ರಲ್ಲಿ. ವ್ಯಾಪಾರಿ, ಸರ್ವೇಯರ್, ಕಟ್ಟಡ ಕಟ್ಟುವವರು ಎಲ್ಲರಿಗೂ ಉಪಯೋಗಕ್ಕೆ ಬರಲೆಂದು ಬರೆದದ್ದು. ದಶಮಾಂಶ ಭಿನ್ನರಾಶಿಯನ್ನು ಇವರೇ ಕಂಡುಹಿಡಿದರು ಎಂದು ಕೆಲವರು ಹೇಳುತ್ತಾರೆ, ಅದು ಸರಿಯಲ್ಲ. ದಮಾಸ್ಕಸ್‌ನ ಅಲ್-ಉಕ್ಲೀದಿಸಿ 10ನೇ ಶತಮಾನದಲ್ಲೇ ಬಳಸಿದ್ದರು. ಪೂರ್ಣಾಂಕದಷ್ಟೇ ಸಲೀಸಾಗಿ ದಶಮಾಂಶದಲ್ಲೂ ಲೆಕ್ಕ ಮಾಡುವ ಕ್ರಮವನ್ನು ಪೂರ್ತಿಯಾಗಿ ಬರೆದುಕೊಟ್ಟವರು ಅಲ್-ಕಾಶಿ. ಪೂರ್ಣಾಂಕಕ್ಕೂ ಭಿನ್ನಕ್ಕೂ ನಡುವೆ ಗೆರೆ ಎಳೆಯುತ್ತಿದ್ದರು, ಕೆಲವೊಮ್ಮೆ ಶಾಯಿಯ ಬಣ್ಣ ಬದಲಿಸುತ್ತಿದ್ದರು. ಅರವತ್ತರ ಲೆಕ್ಕದಲ್ಲಿ ಗುಣಿಸುವಾಗ ಅಂಕಿಗಳನ್ನು ಬೇರೆ ಗುಣಿಸಿ, ಸ್ಥಾನಗಳನ್ನು ಬೇರೆ ಕೂಡಿಸಿ ಎಂದರು. ನಮ್ಮ ಪ್ರೊಸೆಸರ್ ಎರಡು ಫ್ಲೋಟ್‌ಗಳನ್ನು ಗುಣಿಸುವುದೂ ಹಾಗೆಯೇ: ಅಂಕಿಗಳ ಗುಣಾಕಾರ, ಘಾತಗಳ ಸಂಕಲನ.

ಅದೇ ಪುಸ್ತಕದ ನಾಲ್ಕನೆಯ ಭಾಗ ಅಳತೆಯದ್ದು. ಕಮಾನು, ಗುಮ್ಮಟ, ಮಸೀದಿಯ ಬಾಗಿಲ ಮೇಲೆ ಜೇನುಗೂಡಿನಂತೆ ಇಳಿಬಿದ್ದ ಮುಕರ್ನಸ್, ಪ್ರತಿಯೊಂದಕ್ಕೂ ಯಾವ ಯಾವ ಅಳತೆ ಬೇಕು, ಅವುಗಳಿಂದ ವಿಸ್ತೀರ್ಣ ತೆಗೆಯುವುದು ಹೇಗೆ ಎಂದು ಒಟ್ಟಿಗೇ ಹೇಳಿದ್ದಾರೆ. ಓದಿದಾಗ ನನಗೆ ರಸ್ಟ್‌ನ ಸ್ಟ್ರಕ್ಟ್ ನೆನಪಾಯಿತು. ಕೊಬ್ಬರಿ ಮೂಟೆ ಎಂಬ ಸ್ಟ್ರಕ್ಟ್‌ನಲ್ಲಿ ತೂಕ, ದರ ಎಂಬ ಎರಡು ಫೀಲ್ಡ್, ಬೆಲೆ ಹೇಳುವ ಒಂದು ಮೆಥಡ್. ಮಾಹಿತಿ ಎಲ್ಲೋ, ಅದರ ವಿಧಾನ ಇನ್ನೆಲ್ಲೋ ಆಗಬಾರದು. ಅಂದಹಾಗೆ ಹಣವನ್ನು ಫ್ಲೋಟ್‌ನಲ್ಲಿ ಇಡಬೇಡಿ, ಪೈಸೆಯಲ್ಲಿ ಪೂರ್ಣಾಂಕವಾಗಿ ಇಡಿ.

ಸೈನ್ 1 ಡಿಗ್ರಿಯ ಬೆಲೆ ಕಂಡುಹಿಡಿದದ್ದು ಅವರ ಕೊನೆಯ ದೊಡ್ಡ ಕೆಲಸಗಳಲ್ಲಿ ಒಂದು. ಸೈನ್ 3 ಡಿಗ್ರಿ ರೇಖಾಗಣಿತದಿಂದ ಸಿಗುತ್ತದೆ, 1 ಡಿಗ್ರಿ ಹಾಗೆ ಸಿಗುವುದಿಲ್ಲ. ಮೂರು ಪಟ್ಟು ಕೋನದ ಸೂತ್ರ ನಮಗೆಲ್ಲ ಗೊತ್ತು. ಅದನ್ನು ತಿರುಗಿಸಿ, ಸೈನ್ 3 ಡಿಗ್ರಿಗೆ ಊಹೆಯ ಘನದ ನಾಲ್ಕರಷ್ಟನ್ನು ಕೂಡಿಸಿ ಮೂರರಿಂದ ಭಾಗಿಸಿ, ಬಂದದ್ದನ್ನೇ ಮತ್ತೆ ಊಹೆಯಾಗಿ ಹಾಕಿ. 0.0174453187ರಿಂದ ಶುರು ಮಾಡಿದರೆ ಎರಡೇ ಸುತ್ತಿನಲ್ಲಿ 0.0174524064 ಬರುತ್ತದೆ, ಹತ್ತೂ ಸ್ಥಾನ ಸರಿ. ನಾವು ಬರೆಯುವ ಲೂಪ್ ಇದೇ.

1429ರ ಜೂನ್ 22, ಹಿಜರಿ 832ರ ರಮಝಾನ್ 19ರಂದು ಸಮರ್ಕಂದದ ಹೊರಗೆ, ವೀಕ್ಷಣಾಲಯದಲ್ಲೇ ಅವರು ತೀರಿಕೊಂಡರು. ಐವತ್ತರ ಆಸುಪಾಸು ವಯಸ್ಸು. ನಕ್ಷತ್ರ ಕೋಷ್ಟಕದ ಕೆಲಸವನ್ನು ಕಾಝಿ ಝಾದಾ, ಅವರ ನಂತರ ಅಲಿ ಕುಶ್ಜಿ ಮುಂದುವರಿಸಿ ಮುಗಿಸಿದರು. ಅದರ ಮುನ್ನುಡಿಯಲ್ಲಿ ಉಲುಗ್ ಬೇಗ್ ತನ್ನ ಗಣಿತಜ್ಞನನ್ನು ಬಹಳವಾಗಿ ಹೊಗಳಿ ನೆನೆದಿದ್ದಾನೆ. ಮೂರು ಶತಮಾನದ ನಂತರ ಜೈಪುರದ ಸವಾಯಿ ಜೈಸಿಂಗ್ ತನ್ನ ಕೋಷ್ಟಕಗಳಿಗೆ ಅದನ್ನೇ ಆಧಾರವಾಗಿ ಇಟ್ಟುಕೊಂಡ. ಉಲುಗ್ ಬೇಗ್ 1449ರಲ್ಲಿ ಕೊಲೆಯಾದ, ವೀಕ್ಷಣಾಲಯ ಹಾಳಾಗಿ ಮಣ್ಣಾಯಿತು. 1908ರಲ್ಲಿ ಅಗೆದಾಗ, ಬಂಡೆಯೊಳಗೆ ಕೊರೆದಿದ್ದ ದೊಡ್ಡ ಕಮಾನಿನ ಕೆಳಭಾಗ ಡಿಗ್ರಿಯ ಗುರುತುಗಳ ಸಮೇತ ಹಾಗೇ ಇತ್ತು.